ಧರಿಸುವ ನಿದ್ರಾಮಾಪಕಗಳು

ಕೈಪಟ್ಟಿ, ಉಂಗುರ ಅಥವಾ ತಲೆಪಟ್ಟಿಯ ರೂಪದಲ್ಲಿ ಮೈಮೇಲಿದ್ದು ನಿದ್ರೆಯ ಅವಧಿಯನ್ನೂ ಹಂತಗಳನ್ನೂ ಅಂದಾಜು ಮಾಡುವ ಸಾಧನಗಳು. ನಿದ್ರೆ ನಡೆಯುವುದು ಮಿದುಳಿನಲ್ಲಿ. ಆದರೆ ಈ ಸಾಧನಗಳಲ್ಲಿ ಹೆಚ್ಚಿನವು ಅಳೆಯುವುದು ಕೈಯ ಅಲುಗಾಟವನ್ನು ಮತ್ತು ನಾಡಿಯನ್ನು. ಇವುಗಳ ಬಲವೂ ಮಿತಿಯೂ ಇದರಿಂದಲೇ ಹುಟ್ಟಿವೆ.

ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ನೆತ್ತಿಯ ಮೇಲಿನಿಂದಲೇ ದಾಖಲಿಸಬಹುದೆಂಬುದನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದರು. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವ ನಿದ್ರೆಯನ್ನು ವರ್ಣಿಸಿದರು. ಅಲ್ಲಿಂದ ನಿದ್ರೆಯ ಅಧ್ಯಯನ ಪ್ರಯೋಗಾಲಯದ ಕೆಲಸವಾಯಿತು. ಆದರೆ ಅಪರಿಚಿತ ಕೋಣೆಯಲ್ಲಿ ತಲೆತುಂಬ ತಂತಿ ಅಂಟಿಸಿಕೊಂಡು ಮಲಗಿದ ಒಂದು ರಾತ್ರಿಯಿಂದ, ಮನೆಯ ಹಾಸಿಗೆಯಲ್ಲಿ ವಾರಗಟ್ಟಲೆ ಏನಾಗುತ್ತಿದೆ ಎಂಬುದು ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಿದ್ದು 1970ರ ದಶಕದಲ್ಲಿ ರೂಪುಗೊಂಡ ಆಕ್ಟಿಗ್ರಾಫ್. ಮಣಿಕಟ್ಟಿಗೆ ಕಟ್ಟಿದ ಚಲನಮಾಪಕದಿಂದ ನಿದ್ರೆಯನ್ನು ಗುರುತಿಸುವ ಪ್ರಯೋಗಗಳನ್ನು ಸ್ಯಾನ್ ಡಿಯಾಗೊದ ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು. 1992ರ ಕೋಲ್–ಕ್ರಿಪ್ಕೆ ಸೂತ್ರ ಆಯಾ ನಿಮಿಷದ ಚಲನೆಯನ್ನು ಅದರ ಹಿಂದುಮುಂದಿನ ನಿಮಿಷಗಳೊಂದಿಗೆ ಸೇರಿಸಿ ತೂಗಿ, ಎಚ್ಚರವೋ ನಿದ್ರೆಯೋ ಎಂದು ತೀರ್ಮಾನಿಸುತ್ತದೆ. ನಿದ್ರೆಯನ್ನು ನಿದ್ರೆಯೆಂದು ಗುರುತಿಸುವುದರಲ್ಲಿ ಈ ವಿಧಾನ ಗಟ್ಟಿ. ನಿದ್ರೆ ಬಾರದೆ ಅಲುಗಾಡದೆ ಮಲಗಿರುವವರನ್ನೂ ನಿದ್ರಿಸಿದವರ ಲೆಕ್ಕಕ್ಕೆ ಸೇರಿಸಿಬಿಡುವುದು ಇದರ ದೊಡ್ಡ ದೋಷ. ನಿದ್ರಾಹೀನತೆಯಿಂದ ನಿಜವಾಗಿ ನರಳುವವರಿಗೇ ಇದು ಅನ್ಯಾಯ ಮಾಡುತ್ತದೆ.

ಸಾಧನ ಜನಸಾಮಾನ್ಯರ ಕೈಗೆ ಬಂದದ್ದು 2009ರಲ್ಲಿ, ಫಿಟ್‌ಬಿಟ್‌ನ ಮೊದಲ ಮಾದರಿಯೊಂದಿಗೆ. ಅದೇ ವರ್ಷ ಬಂದ ಜಿಯೊ (Zeo) ತಲೆಪಟ್ಟಿ ಹಣೆಯಿಂದಲೇ ಮಿದುಳಿನ ವಿದ್ಯುತ್ ಸಂಕೇತ ಪಡೆಯುತ್ತಿತ್ತು. ತತ್ತ್ವದಲ್ಲಿ ಹೆಚ್ಚು ಸರಿಯಾದ ದಾರಿ ಅದೇ. ಆದರೂ ಅದನ್ನು ತಯಾರಿಸಿದ ಕಂಪನಿ 2013ರಲ್ಲಿ ಮುಚ್ಚಿತು. ಕೈಪಟ್ಟಿಗಳು ಮಾತ್ರ ಹಬ್ಬಿದವು. 2014ರ ಆಗಸ್ಟ್ 24ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಭೂಮಿ ನಡುಗಿದಾಗ, ಕೇಂದ್ರಬಿಂದುವಿನ ಸುತ್ತಲಿನ ಊರುಗಳ ಜನ ಒಮ್ಮೆಲೇ ಎಚ್ಚೆತ್ತದ್ದು ಜಾಬೋನ್ ಕಂಪನಿಯ ಕೈಪಟ್ಟಿಗಳ ದತ್ತಾಂಶದಲ್ಲಿ ಮೂಡಿತು. ಊರಿಗೆ ಊರೇ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಎಂಬುದು ಖಾಸಗಿ ಕಂಪನಿಯೊಂದರ ಬಳಿ ಸಂಗ್ರಹವಾಗುತ್ತಿದೆ ಎಂಬ ಅರಿವೂ ಅದರೊಂದಿಗೆ ಬಂತು.

ಚರ್ಮಕ್ಕೆ ಬೆಳಕು ಹಾಯಿಸಿ ನಾಡಿ ಓದುವ ಸಂವೇದಕಗಳು ಸೇರಿದ ಮೇಲೆ, ನಾಡಿಬಡಿತದ ಏರಿಳಿತದಿಂದ ನಿದ್ರೆಯ ಹಂತಗಳನ್ನೂ ಊಹಿಸತೊಡಗಿದರು. ಫಿಟ್‌ಬಿಟ್ 2017ರಲ್ಲಿ ಇದನ್ನು ತಂದಿತು. ಫಿನ್ಲೆಂಡಿನ ಔರಾ ಕಂಪನಿ ಸಾಧನವನ್ನು ಉಂಗುರಕ್ಕೆ ಇಳಿಸಿತು. ಬೆಂಗಳೂರಿನ ಅಲ್ಟ್ರಾಹ್ಯೂಮನ್ ಕೂಡ ಅಂಥ ಉಂಗುರ ತಯಾರಿಸುತ್ತಿದೆ. 2024ರಲ್ಲಿ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯ ಸುಳಿವು ನೀಡುವ ಸೌಲಭ್ಯಕ್ಕೆ ಸ್ಯಾಮ್‌ಸಂಗ್ ಮತ್ತು ಆ್ಯಪಲ್ ಕೈಗಡಿಯಾರಗಳು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪಡೆದವು.

ಅಳೆದ ಮಾತ್ರಕ್ಕೆ ನಿದ್ರೆ ಸುಧಾರಿಸುವುದಿಲ್ಲ. ಅಂಕಿಯ ಚಿಂತೆಯಿಂದಲೇ ನಿದ್ರೆಗೆಡುವ ರೋಗಿಗಳನ್ನು ಕಂಡ ಅಮೆರಿಕದ ಸಂಶೋಧಕರು 2017ರಲ್ಲಿ ಅದಕ್ಕೆ ಆರ್ಥೊಸೋಮ್ನಿಯ ಎಂದು ಹೆಸರಿಟ್ಟರು. ಸಾಧನ ನಿಜವಾಗಿ ನೆರವಾಗುವುದು ಮಲಗುವ–ಏಳುವ ಹೊತ್ತಿನ ಶಿಸ್ತು ತರಲು, ಮದ್ಯ ಕುಡಿದ ರಾತ್ರಿ ನಾಡಿ ಎಷ್ಟು ಏರಿತೆಂದು ಕಾಣಲು. ಗಾಢನಿದ್ರೆ ಇಷ್ಟೇ ನಿಮಿಷ ಎಂಬ ಅಂಕಿಯನ್ನು ಅಷ್ಟಾಗಿ ನಂಬಬೇಕಿಲ್ಲ. ಜೋರು ಗೊರಕೆ ಮತ್ತು ಹಗಲು ತೂಕಡಿಕೆ ಇರುವವರು, ಉಂಗುರ ಎಷ್ಟೇ ಒಳ್ಳೆಯ ಅಂಕ ಕೊಟ್ಟಿರಲಿ, ವೈದ್ಯರನ್ನು ಕಾಣಬೇಕು.