ಸಂದೇಹದ ದಾರಿಯಲ್ಲಿ ಸಂತ ಅಗಸ್ಟೀನರು



ಕನಕಪುರ, ಸಾತನೂರು, ಹಾರೋಬೆಲೆ ಕಡೆಯವರಿಗೆ ಕಬ್ಬಾಳು ಬೆಟ್ಟ ಹೊಸದಲ್ಲ. ದೂರದಿಂದ ನೋಡಿದರೆ ಅದು ಕಣದಲ್ಲಿ ರಾಶಿ ಹಾಕಿದ ರಾಗಿಯಂತೆ ಮೊನಚಾಗಿ ಕಾಣುತ್ತದೆ. ಬುಡಕ್ಕೆ ಬಂದು ನಿಂತರೆ ಮೊನಚೂ ಇಲ್ಲ, ರಾಶಿಯೂ ಇಲ್ಲ. ಕಣ್ಣೆದುರಿಗೆ ಬರಿಯ ಬಂಡೆ. ಹತ್ತಿ ಮೇಲೆ ಹೋದವರಿಗೆ ಕಾಣುವುದು ಹಳೆಯ ಕೋಟೆಯ ಗೋಡೆ. ಬೆಟ್ಟ ಒಂದೇ, ನೋಟ ಮೂರು. ಇವುಗಳಲ್ಲಿ ಬೆಟ್ಟದ ನಿಜವಾದ ರೂಪ ಯಾವುದು ಎಂದು ಮಗುವೊಂದು ಕೇಳಿದರೆ ಏನು ಹೇಳುತ್ತೀರಿ?

ಇಂಥದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕರಲ್ಲಿ ಕೆಲವರು ಕೇಳಿದರು. ಗೋಪುರವೊಂದು ದೂರಕ್ಕೆ ದುಂಡಗೆ ಕಾಣುತ್ತದೆ, ಹತ್ತಿರಕ್ಕೆ ಚೌಕವಾಗಿ ಕಾಣುತ್ತದೆ. ನೀರಿಗಿಳಿಸಿದ ದೋಣಿಯ ಹುಟ್ಟು ಮುರಿದಂತೆ ಕಾಣುತ್ತದೆ. ಹಾಗಾದರೆ ಕಣ್ಣನ್ನು ನಂಬುವುದು ಹೇಗೆ? ಹೀಗೆ ಕೇಳಿದವರನ್ನು ಚರಿತ್ರೆ ಸಂದೇಹವಾದಿಗಳು ಎಂದು ಕರೆಯುತ್ತದೆ. ಆಗಸ್ಟ್ 28ರಂದು ನಾವು ಹಬ್ಬ ಆಚರಿಸುವ ಸಂತ ಅಗಸ್ಟೀನರೂ ಒಂದು ಕಾಲದಲ್ಲಿ ಇವರ ದಾರಿ ಹಿಡಿದವರೇ. ಆದ್ದರಿಂದ ಆ ದಾರಿ ಎಂಥದೆಂದು ತಿಳಿಯುವುದು ನಮಗೂ ಒಳ್ಳೆಯದು.

ಇವರಲ್ಲಿ ಮೊದಲಿಗನೆಂದು ಹೆಸರಾದವನು ಎಲಿಸ್ ಎಂಬ ಊರಿನ ಪಿರ್ರೊ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂಡರನ ದಂಡಿನ ಜೊತೆಗೆ ಅವನು ಭಾರತದವರೆಗೂ ಬಂದಿದ್ದನೆಂದೂ, ಇಲ್ಲಿನ ದಿಗಂಬರ ತಪಸ್ವಿಗಳನ್ನು ಕಂಡನೆಂದೂ ಹಳೆಯ ಗ್ರೀಕ್ ಚರಿತ್ರಕಾರರು ಬರೆದಿದ್ದಾರೆ. ಪಿರ್ರೊ ತಾನಾಗಿ ಒಂದು ಪುಸ್ತಕವನ್ನೂ ಬರೆದಿಟ್ಟಿಲ್ಲ. ಆದರೆ ಅವನ ಬಗ್ಗೆ ಒಂದು ಕಥೆ ಉಳಿದಿದೆ. ಹಡಗು ಬಿರುಗಾಳಿಗೆ ಸಿಕ್ಕಿ ಎಲ್ಲರೂ ಹೆದರಿ ಕಂಗಾಲಾಗಿದ್ದಾಗ, ಒಂದು ಹಂದಿಮರಿ ಮಾತ್ರ ತನ್ನ ಪಾಡಿಗೆ ತಿನ್ನುತ್ತಿತ್ತಂತೆ. ಪಿರ್ರೊ ಅದನ್ನು ತೋರಿಸಿ, ಜ್ಞಾನಿಯಾದವನು ಹೀಗೆ ಕದಡದೆ ಇರಬೇಕು ಎಂದನಂತೆ. ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ಆತುರದಿಂದ ತೀರ್ಮಾನಿಸುವುದರಿಂದಲೇ ಮನಸ್ಸಿನ ನೆಮ್ಮದಿ ಕೆಡುತ್ತದೆ ಎಂಬುದು ಅವನ ಮತ.

ಅವನ ನಂತರ ಪ್ಲೇಟೊ ಕಟ್ಟಿದ ಅಕಾಡೆಮಿ ಎಂಬ ಪಾಠಶಾಲೆಯೇ ಸಂದೇಹದ ಕಡೆಗೆ ವಾಲಿತು. ಅದರ ಮುಖ್ಯಸ್ಥನಾದ ಕಾರ್ನಿಯಾಡಿಸ್ ಕ್ರಿ.ಪೂ. 155ರಲ್ಲಿ ಅಥೆನ್ಸಿನ ರಾಯಭಾರಿಯಾಗಿ ರೋಮಿಗೆ ಹೋದನು. ಒಂದು ದಿನ ನ್ಯಾಯದ ಪರವಾಗಿ ಭಾಷಣ ಮಾಡಿದನು. ಮರುದಿನ ಅಷ್ಟೇ ಸೊಗಸಾಗಿ ಅದರ ವಿರುದ್ಧ ಮಾತಾಡಿದನು. ಯುವಕರು ಮರುಳಾದರು. ಆದರೆ ಹಿರಿಯನಾದ ಕೇಟೊ, ಇವರನ್ನು ಬೇಗ ಊರಿಗೆ ಕಳುಹಿಸಿಬಿಡಿ ಎಂದು ಒತ್ತಾಯಿಸಿದನು. ಮಕ್ಕಳ ಪ್ರಶ್ನೆಗೆ ಹಿರಿಯರು ಬಾಗಿಲು ಹಾಕುವುದು ಇಂದಿನ ಸಂಗತಿಯಲ್ಲ!

ಸಂದೇಹವಾದದ ವಾದಗಳನ್ನೆಲ್ಲ ಒಂದೆಡೆ ಬರೆದಿಟ್ಟವನು ಕ್ರಿ.ಶ. ಎರಡನೆಯ ಶತಮಾನದ ಸುಮಾರಿಗೆ ಬಾಳಿದ ಸೆಕ್ಸ್‌ಟಸ್ ಎಂಪಿರಿಕಸ್ ಎಂಬ ವೈದ್ಯ. ಅವರ ವಾದವನ್ನು ನಮ್ಮ ಸಂತೆಯ ಮಾತಿನಲ್ಲಿ ಹೀಗೆ ಹೇಳಬಹುದು. ತಕ್ಕಡಿ ಸರಿಯಿದೆಯೋ ಇಲ್ಲವೋ ತಿಳಿಯಲು ಇನ್ನೊಂದು ತಕ್ಕಡಿ ಬೇಕು. ಆ ತಕ್ಕಡಿ ಸರಿಯೆಂದು ತಿಳಿಯಲು ಮತ್ತೊಂದು ಬೇಕು. ಇದಕ್ಕೆ ಕೊನೆ ಎಲ್ಲಿ? ಆದ್ದರಿಂದ ತೀರ್ಪು ಕೊಡದೆ ಸುಮ್ಮನಿರಿ ಎಂದರು. ಹಾಗೆಂದು ಇವರು ಕೈಕಟ್ಟಿ ಕುಳಿತವರಲ್ಲ. ಹಸಿದಾಗ ಉಂಡರು, ಊರಿನ ಕಟ್ಟುಪಾಡಿನಂತೆ ನಡೆದರು, ತಮ್ಮ ಕಸುಬು ಮಾಡಿದರು. ಅವರನ್ನು ಕರೆಯುವ ಗ್ರೀಕ್ ಪದದ ಮೂಲ ಅರ್ಥವೂ ಅನುಮಾನದ ಮನುಷ್ಯ ಎಂದಲ್ಲ, ಕಣ್ಣಿಟ್ಟು ಪರಿಶೀಲಿಸುವವನು ಎಂದು.

ನಮ್ಮ ದೇಶಕ್ಕೂ ಈ ಪ್ರಶ್ನೆ ಅಪರಿಚಿತವಲ್ಲ. ಬುದ್ಧನ ಕಾಲದ ಸಂಜಯ ಬೇಲಟ್ಠಪುತ್ತ ಎಂಬವನು ಪರಲೋಕವಿದೆ ಎಂದೂ ಹೇಳದೆ, ಇಲ್ಲವೆಂದೂ ಹೇಳದೆ ಜಾರಿಕೊಳ್ಳುತ್ತಿದ್ದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಮುಂದೆ ಜಯರಾಶಿ ಭಟ್ಟ ಎಂಬ ಪಂಡಿತನು ತನ್ನ 'ತತ್ತ್ವೋಪಪ್ಲವಸಿಂಹ'ದಲ್ಲಿ ಎಲ್ಲ ಪಂಥಗಳ ಪ್ರಮಾಣಗಳನ್ನೂ ಒಂದೊಂದಾಗಿ ಮುರಿದು ಹಾಕಿದನು. ಆ ವಾದವನ್ನು ಎತ್ತಿಕೊಂಡು ಚರ್ಚಿಸಿದವರಲ್ಲಿ ಗಂಗರ ಕಾಲದ ಜೈನಾಚಾರ್ಯ ವಿದ್ಯಾನಂದರು ಒಬ್ಬರು. ಸಮಂತಭದ್ರರ 'ಆಪ್ತಮೀಮಾಂಸೆ'ಗೆ ಅವರು ಬರೆದ ವ್ಯಾಖ್ಯಾನವೇ 'ಅಷ್ಟಸಹಸ್ರೀ'. 981ರಲ್ಲಿ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ ಗಂಗರ ಮಂತ್ರಿಯೇ. ಈ ಜೈನ ಪರಂಪರೆಯ ಸ್ಯಾದ್ವಾದವನ್ನು ಹಲವರು ಸಂದೇಹವಾದವೆಂದೇ ತಿಳಿದಿದ್ದಾರೆ. ಅದು ಸರಿಯಲ್ಲ. ಅಲ್ಲಿ 'ಸ್ಯಾತ್' ಎಂದರೆ ಇದ್ದರೂ ಇರಬಹುದು ಎಂದಲ್ಲ, ಒಂದು ದೃಷ್ಟಿಯಿಂದ ಇದು ಹೀಗೆಯೇ ಎಂದು. ಬೆಟ್ಟ ಸಾತನೂರಿನ ಕಡೆಯಿಂದ ಮೊನಚು, ಬುಡದಿಂದ ಬಂಡೆ. ಎರಡೂ ನಿಜ, ಯಾವುದೊಂದೂ ಪೂರ್ತಿಯಲ್ಲ. ನೋಟಗಳು ಹಲವಾದ ಮಾತ್ರಕ್ಕೆ ಬೆಟ್ಟವೇ ಗೊತ್ತಾಗದು ಎನ್ನಬೇಕಾಗಿಲ್ಲ.

ಈಗ ಸಂತ ಅಗಸ್ಟೀನರ ಬಳಿಗೆ ಬರೋಣ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿದ ಅವರು ಯೌವನದಲ್ಲಿ ಮಾನಿಯ ಪಂಥವನ್ನು ಸೇರಿದ್ದರು. ಅದರಲ್ಲಿ ನಂಬಿಕೆ ಕಳೆದುಕೊಂಡ ಮೇಲೆ, ಇನ್ನು ಯಾವುದನ್ನೂ ನಂಬಲಾರೆ ಎಂಬ ಸ್ಥಿತಿಗೆ ಬಂದರು. ಅಕಾಡೆಮಿಯವರ ಮಾತೇ ಸರಿಯೆನಿಸಿತು. ಒಮ್ಮೆ ಮೋಸಹೋದವನು ಮತ್ತೆ ಕಾಲಿಡಲು ಹೆದರುವುದು ಸಹಜ. 386ರಲ್ಲಿ ಮನಪರಿವರ್ತನೆಯಾದ ಮೇಲೆ ಅವರು ಮಿಲಾನಿನ ಹತ್ತಿರದ ಕಸ್ಸಿಸಿಯಾಕುಂ ಎಂಬಲ್ಲಿ ಗೆಳೆಯರೊಂದಿಗೆ ತಂಗಿ, ಅಕಾಡೆಮಿಯವರಿಗೆ ಉತ್ತರವಾಗಿ ಒಂದು ಪುಸ್ತಕ ಬರೆದರು. ಮೂರು ಮೂರಲ ಒಂಬತ್ತು ಎಂಬುದು ಇಡೀ ಲೋಕ ನಿದ್ದೆಹೋದರೂ ನಿಜವೇ ತಾನೆ ಎಂದು ಕೇಳಿದರು. ಮುಂದೆ ಇನ್ನೂ ಆಳಕ್ಕೆ ಹೋಗಿ, ನಾನು ತಪ್ಪಿದರೂ ತಪ್ಪುವ ನಾನು ಇರಲೇಬೇಕಲ್ಲವೆ ಎಂದು ವಾದಿಸಿದರು.

ಅದೇ ಪುಸ್ತಕದಲ್ಲಿ ಒಂದು ಕಥೆಯಿದೆ. ಇಬ್ಬರು ಪ್ರಯಾಣಿಕರು ಕವಲುದಾರಿಗೆ ಬಂದರು. ಕುರುಬನೊಬ್ಬನು ದಾರಿ ತೋರಿಸಿದನು. ಒಬ್ಬನು ನಂಬಿ ನಡೆದು ಊರು ಸೇರಿದನು. ಇನ್ನೊಬ್ಬನು ಸುಲಭಕ್ಕೆ ನಂಬುವವನಲ್ಲ, ಅಲ್ಲೇ ನಿಂತನು. ಅಷ್ಟರಲ್ಲಿ ಒಳ್ಳೆಯ ಉಡುಪಿನ ವಂಚಕನೊಬ್ಬನು ಕುದುರೆಯೇರಿ ಬಂದು ಬೇರೆ ದಾರಿ ತೋರಿಸಿದನು. ಇದು ನಿಜವೆಂದು ನಾನು ಒಪ್ಪುವುದಿಲ್ಲ, ಆದರೆ ನಿಜದಂತೆ ಕಾಣುತ್ತದೆ ಎಂದುಕೊಂಡು ಅವನು ಆ ದಾರಿ ಹಿಡಿದು ಕಾಡು ಪಾಲಾದನು. ಯಾವುದನ್ನೂ ಒಪ್ಪದವನು ತಪ್ಪು ಮಾಡಲಿಲ್ಲವಂತೆ, ಆದರೂ ದಾರಿ ತಪ್ಪಿದನು!

ಆ ಮನೆಯಲ್ಲಿ ತಾಯಿ ಸಂತ ಮೋನಿಕಾ ಕೂಡ ಇದ್ದರು. ಹುಡುಕುವುದು ಎಂದಿಗೂ ಸಿಗದೆಂದು ತಿಳಿದು ಹುಡುಕುತ್ತಲೇ ಇರುವವನು ಸುಖಿಯೇ ಎಂಬ ಮಾತು ಬಂದಾಗ, ಅಂಥವರನ್ನು ಅವರು ಜನಸಾಮಾನ್ಯರ ಆಡುಮಾತಿನಲ್ಲಿ ಬೀಳುವ ರೋಗದವರು ಎಂದರು. ಎಲ್ಲರೂ ನಕ್ಕರು. ತಾಯಿ ಮಗನ ಬಾಯಿಯನ್ನು ಮುಚ್ಚಿಸಲಿಲ್ಲ. 387ರ ಪಾಸ್ಖ ಜಾಗರಣೆಯಂದು ಸಂತ ಅಂಬ್ರೋಸರು ಅಗಸ್ಟೀನರಿಗೆ ದೀಕ್ಷಾಸ್ನಾನ ನೀಡಿದರು.

ಸಂದೇಹವಾದದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1562ರಲ್ಲಿ ಸೆಕ್ಸ್‌ಟಸನ ಪುಸ್ತಕ ಲ್ಯಾಟಿನಿನಲ್ಲಿ ಅಚ್ಚಾದಾಗ ಯೂರೋಪು ಮತ್ತೆ ಅದೇ ಪ್ರಶ್ನೆ ಕೇಳತೊಡಗಿತು. 1641ರಲ್ಲಿ ಡೇಕಾರ್ಟ್ ಎಲ್ಲವನ್ನೂ ಸಂದೇಹಿಸಿ, ಸಂದೇಹಿಸುವ ನಾನು ಇದ್ದೇನೆ ಎಂಬಲ್ಲಿಗೆ ಬಂದು ನಿಂತನು. ಹೊಸ ತತ್ತ್ವಶಾಸ್ತ್ರ ಅಲ್ಲಿಂದ ಆರಂಭವಾಯಿತೆನ್ನುತ್ತಾರೆ. ಆದರೆ ಅದನ್ನು ಹೋಲುವ ಮಾತನ್ನು ಅಗಸ್ಟೀನರು ಸಾವಿರದ ಇನ್ನೂರು ವರ್ಷಗಳಿಗೂ ಮೊದಲೇ ಹೇಳಿದ್ದರು. ಸಂದೇಹವು ತತ್ತ್ವಶಾಸ್ತ್ರಕ್ಕೆ ಸಾಣೆಕಲ್ಲಿನಂತೆ. ಅದು ತಾನೇ ಕೊಯ್ಯುವುದಿಲ್ಲ, ಆದರೆ ಅದಿಲ್ಲದೆ ಕುಡುಗೋಲು ಹರಿತವಾಗುವುದಿಲ್ಲ.

ಕಬ್ಬಾಳು ಬೆಟ್ಟದ ಮೇಲಿನ ಕೋಟೆಯನ್ನು ಕಟ್ಟಿದ್ದು ನಾಡಿನ ಕಾವಲಿಗೆ. ಮುಂದೆ ಮೈಸೂರನ್ನು ಆಳಿದವರು ಅದನ್ನೇ ಸೆರೆಮನೆಯಾಗಿ ಬಳಸಿದರು. ಸಂದೇಹವೂ ಹಾಗೆಯೇ. ಸುಳ್ಳು ಒಳಗೆ ನುಗ್ಗದಂತೆ ಕಾಯುವಾಗ ಅದು ಕೋಟೆ. ಹೊರಗೆ ಬರಲು ಬಾಗಿಲೇ ಇಲ್ಲವಾದಾಗ ಅದು ಸೆರೆ. ನಾಳೆ ಕಾಲೇಜಿನಿಂದ ಬಂದ ಮಗನೋ ಮಗಳೋ ಊಟದ ಹೊತ್ತಿಗೆ, ಇದು ನಿಜ ಅಂತ ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ, ಕೇಟೊನಂತೆ ಗದರಿಸಿ ಕಳುಹಿಸಬೇಡಿ. ಮೋನಿಕಾಳಂತೆ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಿ, ಗೊತ್ತಿದ್ದಷ್ಟು ಹೇಳಿ, ಮಗುವಿಗಾಗಿ ಪ್ರಾರ್ಥಿಸಿ. ಕವಲುದಾರಿಯಲ್ಲಿ ನಿಂತ ಮಗುವಿಗೆ ಬೇಕಾಗಿರುವುದು ಬೈಗುಳವಲ್ಲ, ದಾರಿ ಬಲ್ಲ ಒಬ್ಬ ನಂಬಿಗಸ್ತ ಕುರುಬ.