ಕೆನಡಿಯ ಸೊಂಟಪಟ್ಟಿ

ಯಾವ ಊರಿನ ಮೆಡಿಕಲ್ ಶಾಪಿಗೆ ಹೋದರೂ ಒಂದು ಡಬ್ಬ ಕಣ್ಣಿಗೆ ಬೀಳುತ್ತದೆ: ಎಲ್.ಎಸ್. ಬೆಲ್ಟ್. ಎಲಾಸ್ಟಿಕ್ಕು, ವೆಲ್ಕ್ರೋ, ಬೆನ್ನಿನ ಕಡೆ ಮೂರ್ನಾಲ್ಕು ಬಾಗುವ ಪಟ್ಟಿ. ಅಷ್ಟೇ ಅದರ ಬಂಡವಾಳ. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟುವ ನಮ್ಮಂಥವರಲ್ಲಿ ಇದನ್ನು ಅಂಗಿಯೊಳಗೆ ಸುತ್ತಿಕೊಂಡು ಬರುವವರು ಫ್ಲೋರಿಗೆ ಒಬ್ಬರಾದರೂ ಇದ್ದೇ ಇರುತ್ತಾರೆ. ಆದರೆ ಈ ಬಡಪಾಯಿ ಬೆಲ್ಟಿನ ಚರಿತ್ರೆ ಕೆದಕಿದರೆ ಅದು ಕಮ್ಮಾರನ ಕುಲುಮೆಯಿಂದ ಹೊರಟು ಶ್ವೇತಭವನದವರೆಗೆ ಹೋಗುತ್ತದೆ ನೋಡಿ.

ನಡು ಕಟ್ಟುವುದು ನಮಗೇನೂ ಹೊಸದಲ್ಲ. ಕೆಲಸಕ್ಕೆ ಸಜ್ಜಾದವನನ್ನು 'ಟೊಂಕ ಕಟ್ಟಿ ನಿಂತ' ಅನ್ನುತ್ತೇವೆ. ಮೂಟೆ ಹೊರುವ ಹಮಾಲಿ ಸೊಂಟಕ್ಕೆ ಟವೆಲ್ ಬಿಗಿಯುತ್ತಾನೆ, ಬಾಣಂತಿಯ ಹೊಟ್ಟೆಗೆ ಹಳೇ ಹತ್ತಿ ಸೀರೆ ಸುತ್ತುತ್ತಾರೆ. ಯುರೋಪಿನ ವೈದ್ಯರು ಮಾತ್ರ ಶುರು ಮಾಡಿದ್ದು ಕಬ್ಬಿಣದಿಂದ! 16ನೇ ಶತಮಾನದ ಫ್ರಾನ್ಸಿನಲ್ಲಿ ಆಂಬ್ರಾಜ್ ಪಾರೆ ಎಂಬ ಶಸ್ತ್ರವೈದ್ಯನಿದ್ದ. ಕ್ಷೌರಿಕನಾಗಿ ಕಸುಬು ಕಲಿತು ನಾಲ್ವರು ರಾಜರ ಸೇವೆ ಮಾಡಿದವನು. ಬೆನ್ನು ಸೊಟ್ಟಗಾದವರಿಗೆ ತೆಳು ಕಬ್ಬಿಣದ ಕವಚ ತೊಡಿಸುತ್ತಿದ್ದ. ಭಾರ ಕಮ್ಮಿಯಾಗಲೆಂದು ಅದಕ್ಕೆ ತೂತು, ಚುಚ್ಚದಿರಲೆಂದು ಒಳಗೆ ಮೆತ್ತೆ. ಬೆಳೆಯುವ ಮಕ್ಕಳಿಗೆ ಮೂರು ಮೂರು ತಿಂಗಳಿಗೆ ಬದಲಿಸಬೇಕು ಅಂತಲೂ ಬರೆದ. 1741ರಲ್ಲಿ ನಿಕೋಲಾ ಆಂಡ್ರಿ 'ಆರ್ಥೋಪೀಡಿಕ್ಸ್' ಎಂಬ ಪದವನ್ನೇ ಟಂಕಿಸಿದ. ಸೊಟ್ಟ ಗಿಡವನ್ನು ಗೂಟಕ್ಕೆ ಹಗ್ಗದಿಂದ ಕಟ್ಟಿದ ಅವನ ಪುಸ್ತಕದ ಚಿತ್ರ ಇವತ್ತಿಗೂ ಜಗತ್ತಿನ ಎಷ್ಟೋ ಮೂಳೆವೈದ್ಯರ ಸಂಘಗಳ ಲಾಂಛನ. ಬಾಗಿದ್ದನ್ನು ನೆಟ್ಟಗೆ ಮಾಡುವುದು ಇವರಿಬ್ಬರ ಗುರಿ. ನಮ್ಮ ಮೆತ್ತನೆಯ ಬೆಲ್ಟಿನ ಕೆಲಸವೇ ಬೇರೆ. ಅದು ನೆಟ್ಟಗಿರುವ, ಆದರೆ ನೋಯುವ ಬೆನ್ನಿಗೆ ಆಸರೆ.

ಅಂಥ ಬೆನ್ನುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಜಾನ್ ಎಫ್. ಕೆನಡಿಯವರದು. 1943ರ ಆಗಸ್ಟಿನಲ್ಲಿ ಅವರ ಪುಟ್ಟ ಯುದ್ಧದೋಣಿ ಪಿ.ಟಿ. 109ಕ್ಕೆ ಜಪಾನಿ ಹಡಗು ಗುದ್ದಿ ಎರಡು ಹೋಳು ಮಾಡಿತು. ಸುಟ್ಟ ಗಾಯಗಳಾಗಿದ್ದ ಜೊತೆಗಾರನ ಜೀವರಕ್ಷಕ ಜಾಕೆಟ್ಟಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಎಳೆಯುತ್ತಾ ಗಂಟೆಗಟ್ಟಲೆ ಈಜಿ ದ್ವೀಪ ಸೇರಿದರು. ಬೆನ್ನು ಮೊದಲೇ ಸರಿಯಿರಲಿಲ್ಲ, ಆಮೇಲಂತೂ ಕೇಳಬೇಡಿ. 1944ರಿಂದ 1957ರೊಳಗೆ ನಾಲ್ಕು ಶಸ್ತ್ರಚಿಕಿತ್ಸೆ. 1954ರಲ್ಲಿ ಬೆನ್ನಿಗೆ ಲೋಹದ ಪಟ್ಟಿ ಕೂರಿಸಿದಾಗ ಸೋಂಕಾಗಿ, ಪಾದ್ರಿಯನ್ನು ಕರೆಸಿ ಕೊನೆಯ ಪ್ರಾರ್ಥನೆಯೂ ಆಯಿತು. ಬದುಕುಳಿದರು, ಆದರೆ ಮರುವರ್ಷ ಆ ಪಟ್ಟಿಯನ್ನು ಬಿಚ್ಚಿ ತೆಗೆಯಬೇಕಾಯಿತು. ಒಳಗಿನ ಲೋಹ ಕೈಕೊಟ್ಟ ಮನುಷ್ಯನಿಗೆ ಉಳಿದದ್ದು ಹೊರಗಿನ ಬಟ್ಟೆ. ಸೂಟಿನೊಳಗೆ ಲಾಡಿ ಬಿಗಿದು ಕಟ್ಟುವ ಬೆಲ್ಟು. ಟಿ.ವಿ.ಯಲ್ಲಿ ಅಷ್ಟು ಲವಲವಿಕೆಯಿಂದ ಕಾಣುತ್ತಿದ್ದ ಅಧ್ಯಕ್ಷರ ಒಳಗುಟ್ಟು ಇದು.

ಶ್ವೇತಭವನದ ವೈದ್ಯೆ ಜಾನೆಟ್ ಟ್ರಾವೆಲ್ ತೂಗುಕುರ್ಚಿ ಕೊಡಿಸಿದರು, ಸ್ನಾಯುಗಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. 1961ರಲ್ಲಿ ಹಾನ್ಸ್ ಕ್ರೌಸ್ ಬಂದರು. ವಿಯೆನ್ನಾದಲ್ಲಿ ಓದಿದ ಡಾಕ್ಟರು, ಹೆಸರಾಂತ ಬಂಡೆ ಹತ್ತುಗ. (ನನಗೆ ಈ ಕಥೆಯಲ್ಲಿ ಇವರೇ ಅಚ್ಚುಮೆಚ್ಚು.) ಅವರು ನಂಬಿದ್ದು ವ್ಯಾಯಾಮವನ್ನು. ಹೊಟ್ಟೆ, ಬೆನ್ನಿನ ಸ್ನಾಯುಗಳೇ ದೇವರು ಕೊಟ್ಟ ಬೆಲ್ಟು, ಅವನ್ನು ಗಟ್ಟಿ ಮಾಡಿ ಎಂಬ ಧಾಟಿ ಅವರದು. ವಾರಕ್ಕೆ ಹಲವು ಸಲ ಅಧ್ಯಕ್ಷರಿಂದ ಕಸರತ್ತು ಮಾಡಿಸಿದರು, ನೋವೂ ಇಳಿಯತೊಡಗಿತು. ಆದರೆ ಬೆಲ್ಟು ಮಾತ್ರ ಬಿಡಲಿಲ್ಲ.

1963ರ ನವೆಂಬರ್ 22ರಂದು ಡಲ್ಲಾಸಿನಲ್ಲೂ ಅದು ಮೈಮೇಲಿತ್ತು, ಜೊತೆಗೆ ತೊಡೆಗಳ ಸುತ್ತ ಬಿಗಿದ ಎಲಾಸ್ಟಿಕ್ ಬ್ಯಾಂಡೇಜು. ಮೊದಲು ತಗುಲಿದ ಗುಂಡು ಬೆನ್ನಿನ ಮೇಲ್ಭಾಗ ಹೊಕ್ಕು ಗಂಟಲಿನಿಂದ ಹೊರಬಂತು. ಮುಂದಿನ ಸೀಟಿನಲ್ಲಿದ್ದ ಗವರ್ನರ್ ಕಾನಲಿ ಗಾಯಗೊಂಡು ಹೆಂಡತಿಯ ಮಡಿಲಿಗೆ ವಾಲಿದರು. ಕೆನಡಿ ಬಹುಪಾಲು ಕೂತೇ ಇದ್ದರು. ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಗುಂಡು ತಲೆಗೆ ಬಡಿಯಿತು. ಬೆಲ್ಟು ಇಲ್ಲದಿದ್ದರೆ ಅವರೂ ಬಾಗಿ ಬದುಕುತ್ತಿದ್ದರೇನೋ ಎಂದು ವಾದಿಸುವ ವೈದ್ಯರಿದ್ದಾರೆ. ನನಗಿದು ಪೂರ್ತಿ ಒಪ್ಪಿಗೆಯಿಲ್ಲ. ಗುಂಡು ತಗುಲಿದ ದೇಹ ಹೇಗೆ ವಾಲುತ್ತಿತ್ತು ಅಂತ ಇನ್ನೊಮ್ಮೆ ರನ್ ಮಾಡಿ ನೋಡಲಾಗುತ್ತದೆಯೇ? ಕೊಲೆಯ ಹೊರೆಯನ್ನು ಬಟ್ಟೆ ತುಂಡಿನ ತಲೆಗೆ ಕಟ್ಟುವುದೂ ಯಾಕೋ ಅನ್ಯಾಯ.

ಅಂದಹಾಗೆ ಈ ಬಟ್ಟೆ ತುಂಡು ಕೆಲಸವನ್ನಾದರೂ ಮಾಡುತ್ತದಾ? 1964ರಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಮತ್ತು ಅಮೆರಿಕದ ಮಾರಿಸ್, ಬದುಕಿರುವವರ ಬೆನ್ನೆಲುಬಿನ ಡಿಸ್ಕಿಗೇ ಸೂಜಿ ಹಾಕಿ ಒತ್ತಡ ಅಳೆದ ಪ್ರಯೋಗ ಪ್ರಕಟಿಸಿದರು. (ಒಪ್ಪಿಕೊಂಡ ಪುಣ್ಯಾತ್ಮರಿಗೆ ನಮಸ್ಕಾರ!) ಗಾಳಿ ತುಂಬಿ ಬಿಗಿಯುವ ಬೆಲ್ಟು ಹಾಕಿದಾಗ ಡಿಸ್ಕಿನ ಮೇಲಿನ ಭಾರ ಸುಮಾರು ಕಾಲು ಭಾಗ ಇಳಿಯಿತು. ಹೊಟ್ಟೆ ಬಿಗಿದಾಗ ಅದು ಗಾಳಿ ತುಂಬಿದ ಚೆಂಡಿನಂತೆ ಬೆನ್ನೆಲುಬಿಗೆ ಮುಂದಿನಿಂದ ಒತ್ತು ಕೊಡುತ್ತದೆ ಎಂಬುದು ಆಗಿನ ವಿವರಣೆ.

ಆದರೆ ನೋವೇ ಇಲ್ಲದವರು ಮುಂಜಾಗ್ರತೆಗೆ ಕಟ್ಟಿಕೊಂಡರೆ? ಅಮೆರಿಕದ ಗೋದಾಮುಗಳಲ್ಲಿ ಸಾಮಾನು ಎತ್ತುವವರಿಗೆಲ್ಲ ಬೆಲ್ಟು ತೊಡಿಸುವ ಖಯಾಲಿ ಹಬ್ಬಿತ್ತು. ಅಲ್ಲಿನ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1994ರಲ್ಲಿ, ಇದರಿಂದ ಪೆಟ್ಟು ತಪ್ಪುತ್ತದೆ ಅನ್ನಲು ಸಾಕಷ್ಟು ಪುರಾವೆಯಿಲ್ಲ ಎಂದಿತು. 1996ರಲ್ಲಿ ಹೋಂ ಡಿಪೋ ನೌಕರರ ಅಧ್ಯಯನವೊಂದು ಪೆಟ್ಟುಗಳು ಸುಮಾರು ಮೂರನೇ ಒಂದರಷ್ಟು ಇಳಿದವು ಅಂದಿತು. 2000ದಲ್ಲಿ 160 ಮಳಿಗೆಗಳ, 9,000ಕ್ಕೂ ಹೆಚ್ಚು ನೌಕರರ ಅಧ್ಯಯನ ಬಂತು. ದಿನಾ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದ್ದರೆ ಕ್ರೌಸ್ ಮೀಸೆಯಡಿಯಲ್ಲೇ ನಗುತ್ತಿದ್ದರು. ಆದರೆ ಅವರು 1996ರಲ್ಲೇ ತೀರಿಕೊಂಡಿದ್ದರು.

ಬಾಣಂತಿಗೆ ಸುತ್ತುವ ಸೀರೆಯ ಬಗ್ಗೆ ಮಾತ್ರ ನನಗೆ ಇನ್ನೂ ಕುತೂಹಲ. ನಿಮ್ಮ ಕಡೆ ಅದಕ್ಕೆ ಏನೆನ್ನುತ್ತಾರೆ, ಎಷ್ಟು ದಿನ ಕಟ್ಟುತ್ತಾರೆ? ಮನೆಯಲ್ಲಿ ಅಜ್ಜಿಯಿದ್ದರೆ ಕೇಳಿ ತಿಳಿಸಿ.