ಗಾಜಿಲ್ಲದ ಕಟ್ಟು: ಮಲೆನಾಡಿನ ಗೋಡೆಯ ಮೇಲೆ ಛಾಯಾಚಿತ್ರದ ಚರಿತ್ರೆ

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ತಾಯಿಯ ತವರು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಅಲ್ಲಿಯೇ. ಆ ಸೀಮೆಯ ಹಳೆಯ ಮನೆಗಳ ಜಗಲಿಯಲ್ಲಿ ಕಟ್ಟು ಹಾಕಿಸಿದ ಪಟಗಳು ಸಾಲಾಗಿ ತೂಗುತ್ತವೆ: ಶೃಂಗೇರಿಯ ಜಗದ್ಗುರುಗಳು, ರವಿವರ್ಮನ ಲಕ್ಷ್ಮಿ, ಕೋಟು ಪೇಟ ತೊಟ್ಟ ಹಿರಿಯರು. ಎಲ್ಲಕ್ಕೂ ಗಾಜಿದೆ, ಅನೇಕ ಗಾಜುಗಳ ಒಳಗೆ ಬೂಸರೂ ಇದೆ. ಗಾಜಿಲ್ಲದೆ ಛಾಯಾಚಿತ್ರವನ್ನು ಸಿದ್ಧಗೊಳಿಸಿ ತೂಗುಹಾಕುವುದು ಈಚಿನ ನಗರದ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ಛಾಯಾಚಿತ್ರಣದ ಚರಿತ್ರೆ ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ.

1839ರಲ್ಲಿ ಬಂದ ಡಾಗೆರೋಟೈಪ್‌ಗೆ ಗಾಜು ಅನಿವಾರ್ಯವಾಗಿತ್ತು. ಬೆಳ್ಳಿ ಲೇಪಿಸಿದ ತಗಡಿನ ಮೇಲಿನ ಆ ಚಿತ್ರ ಬೆರಳು ತಾಗಿದರೂ ಅಳಿಸಿಹೋಗುತ್ತಿತ್ತು. ಕಾಗದದ ಮುದ್ರಣಗಳಿಗೆ ಆ ಕಟ್ಟುಪಾಡು ಇರಲಿಲ್ಲ. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್ ಎವ್ರಾರ್ ಪರಿಚಯಿಸಿದ ಆಲ್ಬುಮೆನ್ ಕಾಗದಕ್ಕೆ ಮೊಟ್ಟೆಯ ಬಿಳಿಯೇ ಹೊಳಪು ಕೊಡುತ್ತಿತ್ತು. ಮುದ್ರಣವನ್ನು ದಪ್ಪ ರಟ್ಟಿಗೆ ಗಂಜಿಯಿಂದ ಅಂಟಿಸಿ, ಮೇಲೆ ಮೇಣ ತಿಕ್ಕಿ ಮುಗಿಸುವ ಪದ್ಧತಿಯೂ ಬೆಳೆಯಿತು. ಕರ್ನಾಟಕದ ಮೊದಮೊದಲ ಮಹತ್ವದ ಛಾಯಾಚಿತ್ರಗಳೂ ಮನೆಯ ಗೋಡೆಗೆಂದು ಮಾಡಿದವಲ್ಲ. 1854ರಲ್ಲಿ ಲಿನ್ನೇಯಸ್ ಟ್ರೈಪ್ ಹಳೇಬೀಡಿನಲ್ಲಿ ಚಿತ್ರ ತೆಗೆದ. ರಿಚರ್ಡ್ ಓಕ್ಲಿ ಅಲ್ಲಿನ ದೇವಾಲಯದ 56 ಛಾಯಾಚಿತ್ರಗಳ ಪುಸ್ತಕವನ್ನು 1859ರಲ್ಲಿ ಪ್ರಕಟಿಸಿದ. ಇಂಥ ಪುಸ್ತಕಗಳನ್ನು ಜನ ಕೈಯಲ್ಲಿ ಹಿಡಿದು, ಪುಟ ತಿರುಗಿಸಿ ನೋಡುತ್ತಿದ್ದರು.

ಗಾಜಿನ ಅಭ್ಯಾಸ ನಮ್ಮ ಮನೆಗಳಲ್ಲಿ ನೆಲೆಯೂರಲು ಕ್ಯಾಮೆರಾಕ್ಕಿಂತ ದೇವರ ಪಟಗಳೇ ಹೆಚ್ಚು ಕಾರಣವೆಂದು ನನಗೆ ತೋರುತ್ತದೆ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯ ಮನೆಮನೆಗೆ ಕಳಿಸಿದ್ದು ಓಲಿಯೋಗ್ರಾಫ್‌ಗಳನ್ನು. ತೈಲಚಿತ್ರದಂತೆ ಕಾಣಲೆಂದು ಇಂಥ ಮುದ್ರಣಗಳಿಗೆ ವಾರ್ನಿಷ್ ಬಳಿಯುತ್ತಿದ್ದರು, ಕ್ಯಾನ್ವಾಸಿನ ನೆಯ್ಗೆಯನ್ನು ಒತ್ತುತ್ತಿದ್ದರು. ಗಾಜು ಬೇಡದ ಮೇಲ್ಮೈ ಅದು. ಆದರೂ ದೀಪದ ಹೊಗೆ, ಕುಂಕುಮ, ಒದ್ದೆ ಹೂವಿನ ನಡುವೆ ಇರಬೇಕಾದ ಪಟಕ್ಕೆ ಕಟ್ಟು ಹಾಕುವವರು ಗಾಜು ಕೂರಿಸಿದರು. ಅದು ವಿವೇಕದ ಕೆಲಸವೇ. ಮನೆಯವರ ಫೋಟೋ ತೆಗೆಸಿದಾಗಲೂ ಅದೇ ಕಟ್ಟು, ಅದೇ ಗಾಜು ಬಂತು.

ತೊಡಕು ಶುರುವಾದದ್ದು ಇಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಳಕೆಗೆ ಬಂದ ಕಪ್ಪುಬಿಳುಪು ಮುದ್ರಣಗಳಲ್ಲಿ ಬೆಳ್ಳಿಯ ಕಣಗಳು ಜೆಲಟಿನ್ ಪದರದಲ್ಲಿ ಕೂತಿರುತ್ತವೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು. ತೇವ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬೂಸರಿಗೆ ಆಹಾರವಾಗುತ್ತದೆ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಇಂಥ ಸೀಮೆಯ ಜಡಿಮಳೆಯ ತಿಂಗಳುಗಳಲ್ಲಿ ಗಾಜಿಗೆ ನೇರವಾಗಿ ತಾಗಿಸಿಟ್ಟ ಮುದ್ರಣ ಮೆತ್ತಗಾಗಿ, ಆಮೇಲೆ ಒಣಗುವಾಗ ಗಾಜಿಗೇ ಅಂಟಿಕೊಳ್ಳುತ್ತದೆ. ಬಿಡಿಸಹೋದರೆ ಮುಖದ ಭಾಗವೇ ಗಾಜಿನೊಂದಿಗೆ ಕಿತ್ತುಬರುತ್ತದೆ. ತಪ್ಪು ಗಾಜಿನದಲ್ಲ. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಟ್ಟು ಗಾಳಿಗೆ ಜಾಗ ಬಿಟ್ಟಿದ್ದರೆ ಆ ಮುಖ ಉಳಿಯುತ್ತಿತ್ತು.

ಇತ್ತ ಕಲಾ ಛಾಯಾಗ್ರಾಹಕರ ಲೋಕ ಬೇರೆಯೇ ದಾರಿಯಲ್ಲಿ ನಡೆದಿತ್ತು. ಬೆಂಗಳೂರಿನ ಸಿ. ರಾಜಗೋಪಾಲ್, ಟಿ.ಎನ್.ಎ. ಪೆರುಮಾಳ್ (1932–2017) ಅವರ ತಲೆಮಾರು ಬೆಳೆದದ್ದು ಸಲೋನ್ ಎಂಬ ಛಾಯಾಚಿತ್ರ ಪ್ರದರ್ಶನ ಸ್ಪರ್ಧೆಗಳಲ್ಲಿ. ಅಲ್ಲಿಗೆ ಕಳಿಸುವ ಮುದ್ರಣಕ್ಕೆ ಕಟ್ಟೂ ಇಲ್ಲ, ಗಾಜೂ ಇಲ್ಲ. ಇದ್ದರೆ ಒಂದು ರಟ್ಟು ಮಾತ್ರ. ಬಿಸಿ ಒತ್ತಿನಲ್ಲಿ ಅಂಟಿಸಿ, ಧೂಳಿನ ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ಮುಚ್ಚಿದರೆ ಕೆಲಸ ಮುಗಿಯಿತು. ನೋಡುವವರಿಗೆ ಕಾಗದದ ಮೈಯೇ ಕಾಣಬೇಕು, ಕಪ್ಪಿನ ಆಳ ಪ್ರತಿಫಲನದಲ್ಲಿ ಕಳೆದುಹೋಗಬಾರದು ಎಂಬುದು ಆ ಸಂಪ್ರದಾಯದ ಬಲ. ಇಂದಿನ ಗಾಜಿಲ್ಲದ ಪ್ರದರ್ಶನಗಳಲ್ಲಿ ಮುಂದುವರಿದಿರುವುದೂ ಇದೇ ದೃಷ್ಟಿ.

ಊರುಗಳಿಗೆ ಗಾಜಿಲ್ಲದ ಕಟ್ಟು ಬಂದದ್ದು ಲ್ಯಾಮಿನೇಷನ್ ಮೂಲಕ. ಹಲಗೆಗೆ ಫೋಟೋ ಅಂಟಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸುವ ಈ ವಿಧಾನ ಅಗ್ಗ, ಹಗುರ, ಒಡೆಯುವ ಭಯವಿಲ್ಲ. ಆದರೆ ಹಲಗೆ ಮರದ ನಾರನ್ನು ಒತ್ತಿ ಮಾಡಿದ ಎಂ.ಡಿ.ಎಫ್. ಆಗಿದ್ದು ಅಂಚನ್ನು ಮುಚ್ಚದೆ ಬಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ಅದು ನೀರು ಹೀರಿ ಉಬ್ಬುತ್ತದೆ.

1991ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಶ್ ಎಡಿಷನ್ಸ್ ಇಂಕ್‌ಜೆಟ್ ಯಂತ್ರದಲ್ಲಿ ಕಲಾಮುದ್ರಣ ಆರಂಭಿಸಿದ ಮೇಲೆ ಹತ್ತಿಯ ಕಾಗದ, ಕ್ಯಾನ್ವಾಸ್, ಪಿಗ್ಮೆಂಟ್ ಶಾಯಿ ಬಂದವು. ವಾರ್ನಿಷ್ ಮರಳಿ ಬಂತು. ಶಾಯಿ ಪೂರ್ತಿ ಆರಿದ ಮೇಲೆ ತೆಳುವಾಗಿ, ಹಲವು ಸಲ ಸಿಂಪಡಿಸಿದ ಲೇಪ ಗೀರು, ತೇವ, ನೇರಳಾತೀತ ಕಿರಣಗಳನ್ನು ಒಂದಿಷ್ಟು ತಡೆಯುತ್ತದೆ. ತೇವದ ಗಾಳಿಯಲ್ಲಿ ಹೊಡೆದರೆ ಕೆಲವು ಲೇಪಗಳು ಬಿಳಿಚಿಕೊಳ್ಳುತ್ತವೆ. ಆದ್ದರಿಂದ ನಮ್ಮ ಕಡೆ ಈ ಕೆಲಸಕ್ಕೆ ಹೇಳಿದ ಕಾಲ ಡಿಸೆಂಬರಿನಿಂದ ಫೆಬ್ರವರಿ.

ಗಾಜಿಲ್ಲದ ಕಟ್ಟನ್ನು ಹೊಸ ಮುದ್ರಣಗಳಿಗೆ ನಾನು ಮನಸಾರೆ ಒಪ್ಪುತ್ತೇನೆ: ಕೆಟ್ಟರೆ ಇನ್ನೊಂದು ಮುದ್ರಿಸಬಹುದು. ಮನೆಯಲ್ಲಿ ಉಳಿದಿರುವ ಒಂದೇ ಒಂದು ಹಳೆಯ ಫೋಟೋಗೆ ಮಾತ್ರ ಅದು ಸಲ್ಲದು. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಚಿತ್ರಕ್ಕೆ ಹಾನಿಯಾಗದಂತೆ ಬಿಡಿಸುವುದು ಬಹುಮಟ್ಟಿಗೆ ಅಸಾಧ್ಯ. ಅಜ್ಜ ಅಜ್ಜಿಯರ ಮೂಲ ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಪ್ರತಿಯನ್ನು ಲ್ಯಾಮಿನೇಷನ್‌ಗೆ ಕೊಡಿ. ಮೂಲಕ್ಕೆ ರಟ್ಟಿನ ಅಂಚು ಕೊಡಿಸಿ, ಗಾಜಿನ ಹಿಂದೆಯೇ, ತೇವದ ಗೋಡೆಯಿಂದ ದೂರ ಇಡಿ.